ಫಲ್ಗುಣಿಯ ನೀರನ್ನು ಎಷ್ಟು ಗಂಟೆಗೆ ತುಂಬಿಸಿಕೊಳ್ಳಬೇಕು?

ಮಂಗಳೂರಿನ ಫಲ್ಗುಣಿ ನದಿಯಲ್ಲಿ ಮೀನು ಸತ್ತು ತೇಲಿತು ಅಂದುಕೊಳ್ಳಿ. ಮೊದಲು ಕಾಣುವುದು ಬೆಳ್ಳಂಬೆಳಿಗ್ಗೆ ಬಲೆ ಹಾಕಲು ಹೋದವರಿಗೆ. ಫೋಟೊ ವಾಟ್ಸಾಪ್‌ನಲ್ಲಿ ಓಡಾಡಿ, ಸುದ್ದಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಮುಟ್ಟಿ, ನೀರಿನ ಮಾದರಿಗೆ ಬಾಟಲಿ ಹಿಡಿದವರು ಬರುವಾಗ ಮಧ್ಯಾಹ್ನ. ವರದಿಯಲ್ಲಿ ಎಲ್ಲ ಸರಿಯಾಗಿಯೇ ಇದ್ದರೆ ಊರವರು ‘ಇದು ಸೆಟ್ಟಿಂಗ್’ ಅನ್ನುತ್ತಾರೆ. ಆದರೆ ಪ್ರಾಮಾಣಿಕವಾಗಿ ಪರೀಕ್ಷೆ ಮಾಡಿದರೂ ಹಾಗೆಯೇ ಬರಬಹುದು. ಕಾರಣ ನೀರಿನಲ್ಲೇ ಇದೆ.

30 ಡಿಗ್ರಿ ಬೆಚ್ಚಗಿರುವ ಸಿಹಿನೀರಿಗೆ ಗಾಳಿಯಿಂದ ಕರಗುವ ಆಕ್ಸಿಜನ್ ಲೀಟರಿಗೆ ಹೆಚ್ಚೆಂದರೆ 7.5 ಮಿಲಿಗ್ರಾಂ. ಸಮುದ್ರದ ನೀರಿಗಾದರೆ 6ರ ಆಸುಪಾಸು. ಮೀನು ಬದುಕಬೇಕಾದರೆ ಕನಿಷ್ಠ 4 ಇರಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅಂದರೆ ನಮ್ಮ ಸೆಕೆಯ ಊರಿನ ನದಿಗಳಿಗೆ ಕಳೆದುಕೊಳ್ಳಲು ಜಾಸ್ತಿ ಏನೂ ಇಲ್ಲ. ಕೊಳಚೆ ಸೇರಿದರೆ ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳೇ ಆಕ್ಸಿಜನ್ ಖಾಲಿ ಮಾಡುತ್ತವೆ. ಅದೇ ಕೊಳಚೆ ಪಾಚಿಗೆ ಗೊಬ್ಬರವೂ ಹೌದು. ಬಿಸಿಲಿರುವಾಗ ಪಾಚಿ ಆಕ್ಸಿಜನ್ ಬಿಡುತ್ತದೆ, ರಾತ್ರಿಯಿಡೀ ತಾನೂ ಉಸಿರಾಡುತ್ತದೆ. ಹಾಗಾಗಿ ಆಕ್ಸಿಜನ್ ತೀರ ತಳ ಮುಟ್ಟುವುದು ಸೂರ್ಯ ಹುಟ್ಟುವ ಮುಂಚೆ. ಮಧ್ಯಾಹ್ನಕ್ಕೆ ಅಳತೆ ಮತ್ತೆ ಚೆನ್ನಾಗಿಯೇ ಕಾಣಿಸುತ್ತದೆ. ಸತ್ತ ಮೀನು ಮಾತ್ರ ಏಳುವುದಿಲ್ಲ.

ಇದರ ಮೇಲೆ ಉಬ್ಬರ ಇಳಿತ ಬೇರೆ. ಕೂಳೂರು ಸೇತುವೆಯ ಕೆಳಗೆ ನದಿ ಎರಡೂ ಕಡೆಗೆ ಹರಿಯುತ್ತದೆ: ಸುಮಾರು ಆರು ಗಂಟೆ ಒಳಗೆ, ಆರು ಗಂಟೆ ಹೊರಗೆ. ಬೇಸಿಗೆಯಲ್ಲಿ ಮಳವೂರಿನ ಕಿಂಡಿ ಅಣೆಕಟ್ಟಿನ ಬಾಗಿಲು ಹಾಕಿರುವಾಗ ಮೇಲಿನಿಂದ ಬರುವ ಸಿಹಿನೀರೇ ಕಡಿಮೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆಯಿಂದ ಬರುವ ತೋಕೂರು ಹಳ್ಳವೂ ಈ ನದಿಗೇ ಸೇರುತ್ತದೆ. ಆಗ ನೀರಿಗೆ ಬಿದ್ದದ್ದು ನೇರ ಅಳಿವೆ ದಾಟಿ ಸಮುದ್ರಕ್ಕೆ ಹೋಗದೆ, ಹಿಂದೆ ಮುಂದೆ ತೂಗಾಡುತ್ತಾ ಉಳಿಯುತ್ತದೆ. ಒಂದೇ ಕಟ್ಟೆಯ ಮೇಲೆ ನಿಂತು ಉಬ್ಬರಕ್ಕೊಮ್ಮೆ, ಇಳಿತಕ್ಕೊಮ್ಮೆ ನೀರೆತ್ತಿದರೆ ಎರಡು ಬೇರೆ ಬೇರೆ ಉತ್ತರ ಸಿಗುತ್ತದೆ. ಉಪ್ಪುನೀರು ಭಾರ, ತಳದಲ್ಲಿ ನುಗ್ಗುತ್ತದೆ. ಮೇಲಿನಿಂದ ಬಕೆಟ್ ಇಳಿಬಿಟ್ಟವರಿಗೆ ತಳದ ಮರುವಾಯಿಯ (ಚಿಪ್ಪುಮೀನಿನ) ಪಾಡು ತಿಳಿಯುವುದೇ ಇಲ್ಲ. ಕಾಣೆಯಂಥ ಮೀನು ಬೇಕಾದರೆ ಈಜಿ ತಪ್ಪಿಸಿಕೊಂಡೀತು, ಕೆಸರಲ್ಲಿ ಕೂತ ಮರುವಾಯಿ ಎಲ್ಲಿಗೆ ಹೋಗಬೇಕು?

ನಮ್ಮ ಕಡೆಗೆ ಹೋರಾಟ ಹೊಸತಲ್ಲ. ನಂದಿಕೂರಿನಲ್ಲಿ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿದ್ದ ಕೊಜೆಂಟ್ರಿಕ್ಸ್ ಕಂಪನಿ ವರ್ಷಗಟ್ಟಲೆ ವಿರೋಧ ಎದುರಿಸಿ 1999ರಲ್ಲಿ ಹಿಂದೆ ಸರಿಯಿತು. ಜೋಕಟ್ಟೆಯವರು ತೈಲ ಸಂಸ್ಕರಣೆಯಲ್ಲಿ ಉಳಿಯುವ ಇದ್ದಿಲಿನಂಥ ಪೆಟ್‌ಕೋಕ್ ಪುಡಿಯ ವಿರುದ್ಧ ಬೀದಿಗಿಳಿದರು. ಪುಡಿಯಾದರೆ ಬಿದ್ದಲ್ಲೇ ಇರುತ್ತದೆ, ಕೈಯಲ್ಲಿ ಒರೆಸಿ ತೋರಿಸಬಹುದು. ನದಿಯಲ್ಲಿ ಸಾಕ್ಷಿ ಹರಿದು ಹೋಗುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಹಿಡಿಯಲು ಆಗುವುದು ದಡದಲ್ಲಿ ಇರುವವರಿಗೆ ಮಾತ್ರ, ಅಲ್ವಾ?

ನೀರಿನ ಆಕ್ಸಿಜನ್ ಅಳೆಯುವ ಪರೀಕ್ಷೆ ಕಾಲೇಜಿನ ಲ್ಯಾಬ್‌ನಲ್ಲಿ ಮಾಡುವಂಥದ್ದೇ. ಹಂಗೇರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ವಿಧಾನ. ಗಾಳಿಗುಳ್ಳೆ ಉಳಿಯದಂತೆ ಬಾಟಲಿ ತುಂಬಬೇಕು. ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ಹಾಕಿ ಮುಚ್ಚಿ ಅಲುಗಾಡಿಸಬೇಕು. ಆಕ್ಸಿಜನ್ ಇದ್ದರೆ ಕಂದು ಬಣ್ಣದ ಗಷ್ಟು ಕಟ್ಟಿ ನಿಧಾನ ಕೆಳಗೆ ಕೂರುತ್ತದೆ. ಸ್ವಲ್ಪವೂ ಇಲ್ಲದಿದ್ದರೆ ಗಷ್ಟು ಬೆಳ್ಳಗೆ. ಎಷ್ಟಿದೆ ಎಂದು ಲೆಕ್ಕ ಹಾಕಲು ಮುಂದೆ ಆಮ್ಲ, ಥಯೋಸಲ್ಫೇಟ್ ಬೇಕು. ಇದನ್ನು ಕೈಗವಸು ಹಾಕಿಕೊಂಡು, ಗೊತ್ತಿರುವವರ ಜೊತೆಗೇ ಮಾಡಬೇಕು.

ಊರವರು ತುಂಬಿಸಿದ ಬಾಟಲಿ ಕೋರ್ಟಿಗೆ ಸಾಲದು. 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾದರಿಯನ್ನು ಮಂಡಳಿಯವರೇ ತೆಗೆದು, ಸೀಲ್ ಮಾಡಬೇಕು. ಆದರೆ 49ನೇ ಸೆಕ್ಷನ್‌ನಲ್ಲಿ ಸಾಮಾನ್ಯ ಜನರಿಗೂ ದಾರಿ ಇದೆ: ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ದೂರು ಹೂಡಬಹುದು, ಸಂಬಂಧಪಟ್ಟ ವರದಿಗಳನ್ನೂ ಕೇಳಿ ಪಡೆಯಬಹುದು. ಆ ನೋಟಿಸಿನಲ್ಲಿ ‘ನೀರು ಹಾಳಾಗಿದೆ’ ಎಂದು ಸುಮ್ನೆ ಬರೆಯುವ ಬದಲು ಜಾಗ, ಗಂಟೆ, ಉಬ್ಬರವೋ ಇಳಿತವೋ, ಮೇಲಿನ ನೀರೋ ತಳದ್ದೋ, ಎಲ್ಲವನ್ನೂ ಬರೆಯಿರಿ. ಮುಂದಿನ ಮಾದರಿಯನ್ನು ಬೆಳಗಿನ ಜಾವ 5 ಗಂಟೆಗೆ, ಇಳಿತದ ಹೊತ್ತಿಗೆ ತೆಗೆಯಿರಿ ಎಂದು ಆಗ ಗಟ್ಟಿಯಾಗಿ ಕೇಳಬಹುದು.