ಓಪಿ ಚೀಟಿಯಲ್ಲಿ ಕಳೆದುಹೋಗುವ ಕಣ್ಣು

ಕೋಲಾರದ ಕಡೆಯ ಹಳ್ಳಿಗಳಿಂದ ಕಣ್ಣು ಕೆಂಪಾಗಿದೆ ಎಂದು ಬಂದವರ ಓಪಿ (ಹೊರರೋಗಿ) ಚೀಟಿಗಳಲ್ಲಿ ಬಹಳಷ್ಟು ಸಲ ಎರಡೇ ಸಾಲು ಇರುತ್ತವೆ. ಮೇಲೆ ‘ರೆಡ್ ಐ’, ಕೆಳಗೆ ಯಾವುದೋ ಡ್ರಾಪ್ಸ್ ಹೆಸರು. ಯಾವ ಕಣ್ಣು, ಎಷ್ಟು ದಿನವಾಯಿತು, ಏನು ತಾಗಿತು, ಮನೆಯಲ್ಲಿ ಏನು ಹಾಕಿಕೊಂಡರು ಎಂಬುದು ಒಂದೂ ಇಲ್ಲ. ಹೊರಗೆ ಉದ್ದ ಸಾಲು ನಿಂತಿರುವಾಗ ಬರೆಯಲು ಪುರುಸೊತ್ತೆಲ್ಲಿ ಎಂದು ವೈದ್ಯರು ಕೇಳಿದರೆ ಅದು ನ್ಯಾಯವಾದ ಮಾತೇ. ಆದರೆ ಹೀಗೆ ಬರೆಯದೆ ಉಳಿದದ್ದರಿಂದ ಜಿಲ್ಲೆಯ ಲೆಕ್ಕದಲ್ಲಿ ಒಂದು ಕಾಯಿಲೆಯೇ ಕಾಣೆಯಾಗುತ್ತಿದೆ: ಕಾರ್ನಿಯಾದ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯ, ಹುಣ್ಣು.

ಚೀಟಿಯಲ್ಲಿ ಬರೆದ ರೋಗ ಲೆಕ್ಕಕ್ಕೆ ಸೇರುವುದು ಒಂದು ಸಂಕೇತವಾಗಿ. ಹೀಗೆ ರೋಗಗಳಿಗೆ ಸಂಕೇತ ಕೊಡುವ ಪದ್ಧತಿ ಹುಟ್ಟಿದ್ದೇ ಸತ್ತವರನ್ನು ಎಣಿಸಲು. 1893ರಲ್ಲಿ ಫ್ರಾನ್ಸಿನ ಜಾಕ್ ಬೆರ್ತಿಯೋಂ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟರು. ಕಣ್ಣಿನ ಸೋಂಕಿನಿಂದ ಸಾಯುವವರು ಅಪರೂಪ, ಹಾಗಾಗಿ ಆ ಲೆಕ್ಕದಲ್ಲಿ ಕಣ್ಣಿಗೆ ಮಹತ್ವ ಸಿಗುವಂತಿರಲಿಲ್ಲ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರನೇ ಪರಿಷ್ಕರಣೆಯನ್ನು ಕೈಗೆತ್ತಿಕೊಂಡ ಮೇಲೆಯೇ ಬದುಕಿರುವವರ ಕಾಯಿಲೆಗಳೂ ಪಟ್ಟಿಗೆ ಬಂದವು. 1990ರಲ್ಲಿ ಒಪ್ಪಿಗೆ ಪಡೆದ ಆ ಪಟ್ಟಿಯ ಹತ್ತನೇ ಪರಿಷ್ಕರಣೆ ಐಸಿಡಿ-10ರಲ್ಲಿ ಕಣ್ಣಿಗೆ ಒಂದು ಅಧ್ಯಾಯವೇ ಇದೆ, ಎಚ್00ರಿಂದ ಎಚ್59ರವರೆಗೆ.

ಆದರೂ ಕಣ್ಣಿನ ಸೋಂಕುಗಳೆಲ್ಲ ಆ ಅಧ್ಯಾಯದೊಳಗೆ ಇಲ್ಲ. ಟ್ರಕೋಮಾ, ಅಂದರೆ ರೆಪ್ಪೆಯ ಒಳಮೈಗೆ ಬರುವ ಅಂಟು ಸೋಂಕು, ಸಿಗುವುದು ಎ71ರಲ್ಲಿ. ನಾವು ಮದ್ರಾಸ್ ಐ ಎನ್ನುವ ವೈರಸ್ ಬೇನೆ ಬಿ30. ಹಸುಗೂಸಿನ ಕಣ್ಣಿನ ಕೀವು ಪಿ39.1. ಕಾರಣ ಗೊತ್ತಿದ್ದರೆ ಕ್ರಿಮಿಯ ಅಧ್ಯಾಯಕ್ಕೆ, ಗೊತ್ತಿಲ್ಲದಿದ್ದರೆ ಕಣ್ಣಿನ ಅಧ್ಯಾಯಕ್ಕೆ ಎಂಬುದು ಸ್ಥೂಲವಾದ ನಿಯಮ. ವೈದ್ಯರು ‘ಕಂಜಂಕ್ಟಿವೈಟಿಸ್’ ಎಂದಷ್ಟೇ ಬರೆದು ಬಿಟ್ಟರೆ ಸಂಕೇತ ಹಾಕುವ ಕೋಡರ್‌ಗೆ ಉಳಿಯುವುದು ‘ಯಾವ ಬಗೆಯೆಂದು ತಿಳಿಯದು’ ಎಂಬ ಎಚ್10.9 ಒಂದೇ. 2023ರ ಜುಲೈ–ಆಗಸ್ಟ್‌ನಲ್ಲಿ ರಾಜ್ಯದ ಉದ್ದಗಲಕ್ಕೂ ಮದ್ರಾಸ್ ಐ ಹಬ್ಬಿದಾಗ ‘ವೈರಲ್’ ಎಂಬ ಒಂದು ಪದ ಚೀಟಿಯಲ್ಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ರೋಗಿ ಯಾವ ಲೆಕ್ಕಕ್ಕೆ ಸೇರುತ್ತಾನೆ ಎಂಬುದು ನಿಂತಿತ್ತು.

ಒಂದೇ ರೀತಿ ಬರೆದಿಟ್ಟರೆ ಏನು ಸಾಧ್ಯ ಎಂಬುದಕ್ಕೆ ಟ್ರಕೋಮಾಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಭಾರತ 1963ರಲ್ಲಿ ಅದರ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 1976ರಲ್ಲಿ ಅದು ಅಂಧತ್ವ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತು. 1987ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐದು ಚಿಹ್ನೆಗಳ ಸರಳ ಕ್ರಮ ಕೊಟ್ಟಿತು. ಮೇಲಿನ ರೆಪ್ಪೆ ಮಗುಚಿ ನೋಡಬೇಕು, ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗುಳ್ಳೆಗಳು ಕನಿಷ್ಠ ಐದು ಇದ್ದರೆ ‘ಟಿಎಫ್’ (ಗುಳ್ಳೆಯ ಟ್ರಕೋಮಾ) ಎಂದು ಬರೆಯಬೇಕು. ಆಫ್ರಿಕದ ಹಳ್ಳಿಯ ಕಾರ್ಯಕರ್ತೆಯೂ ರಾಜಸ್ಥಾನದ ವೈದ್ಯರೂ ಅದೇ ಎರಡಕ್ಷರ ಬರೆದದ್ದರಿಂದಲೇ ಊರಿಂದೂರಿಗೆ ಹೋಲಿಸಿ ನೋಡಲು ಆಯಿತು. 2024ರ ಅಕ್ಟೋಬರ್‌ನಲ್ಲಿ, ಟ್ರಕೋಮಾ ಇಲ್ಲಿ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಎಂದು ಭಾರತಕ್ಕೆ ಮಾನ್ಯತೆ ಸಿಕ್ಕಿತು.

ಇಂಥ ಯೋಗ ಕಾರ್ನಿಯಾದ ಹುಣ್ಣಿಗೆ ಇನ್ನೂ ಬಂದಿಲ್ಲ. ನನಗೆ ಸಂಕಟವಾಗುವುದು ಇಲ್ಲಿಯೇ, ಏಕೆಂದರೆ ಇದು ನಮ್ಮ ಕಡೆಯ ರೈತರ ಕಾಯಿಲೆ. ರಾಗಿ ಒಕ್ಕಣೆಯಲ್ಲಿ ಸುಂಕು ಬಡಿಯುತ್ತದೆ. ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟುವಾಗ ತುದಿ ತಾಗುತ್ತದೆ, ತುಮಕೂರಿನ ತೋಟಗಳಲ್ಲಿ ತೆಂಗಿನ ಗರಿ. ಗೀರು ಚಿಕ್ಕದೇ, ಆದರೆ ಗಿಡದ ಜೊತೆ ಫ್ಯುಸೇರಿಯಂ, ಆಸ್ಪರ್‌ಜಿಲಸ್‌ನಂಥ ಶಿಲೀಂಧ್ರಗಳು ಒಳಹೊಕ್ಕರೆ ಕರಿಗುಡ್ಡೆಯಲ್ಲಿ ಹುಣ್ಣು ಬೆಳೆಯುತ್ತದೆ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಟ್ಟುಕೊಂಡು ಕೆಲವು ದಿನ ಕಳೆಯುತ್ತವೆ. ಮೆಡಿಕಲ್ ಸ್ಟೋರಿನಿಂದ ತಂದ ಸ್ಟಿರಾಯ್ಡ್ ಡ್ರಾಪ್ಸ್ ಹಾಕಿದರಂತೂ ಕೆಂಪು ಕಡಿಮೆಯಾದಂತೆ ಕಂಡು ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಕೊನೆಗೆ ಕಣ್ಣಿಗೆ ಹೂ ಬೀಳುತ್ತದೆ, ಬಿಳಿ ಕಲೆ ಉಳಿಯುತ್ತದೆ.

ಇದನ್ನು ದಾಖಲಿಸಲು ಬೇಕಾದ ಸಂಕೇತಗಳು ಐಸಿಡಿ-10ರಲ್ಲಿಯೇ ಇವೆ. ಹುಣ್ಣಿಗೆ ಎಚ್16.0, ಮುಳ್ಳು ಅಥವಾ ಚೂಪಾದ ಎಲೆ ತಾಗಿದ್ದಕ್ಕೆ ಡಬ್ಲ್ಯೂ60, ಉಳಿದ ಕಲೆಗೆ ಎಚ್17. ಆದರೆ ಸರ್ವೆಯವರ ಕೈಗೆ ಸಿಗುವುದು ಕೊನೆಯ ಕಲೆ ಮಾತ್ರ. 2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷದೊಳಗಿನವರಲ್ಲಿ ಕುರುಡುತನಕ್ಕೆ ಮೊದಲ ಕಾರಣ ಕಾರ್ನಿಯಾದ ಕಲೆಯೇ, ಶೇ 37.5. ಅವರಲ್ಲಿ ಎಷ್ಟು ಜನ ಹೊಲದಲ್ಲಿ ಪೆಟ್ಟು ತಿಂದವರು ಎಂಬುದು ಮೊದಲ ದಿನದ ಚೀಟಿಯಲ್ಲಿ ಇರಬೇಕಿತ್ತು.

ಏಕಿಲ್ಲ? ಸಂಕೇತದ ಕೆಲಸ ಹಣದ ಹಿಂದೆ ಬೆಳೆದದ್ದು ಒಂದು ಕಾರಣ. ಅಮೆರಿಕದಲ್ಲಿ 2015ರ ಅಕ್ಟೋಬರ್ 1ರಿಂದ ವಿಮೆಯ ಬಿಲ್ಲಿಗೆ ಅವರದೇ ವಿಸ್ತೃತ ಐಸಿಡಿ-10 ಕಡ್ಡಾಯವಾಯಿತು. ಕಾರ್ನಿಯಾದ ನಡುವಿನ ಹುಣ್ಣು ಬಲಗಣ್ಣಿನದಾದರೆ ಎಚ್16.011, ಎಡಗಣ್ಣಿನದಾದರೆ ಎಚ್16.012. ತುಮಕೂರಿನಿಂದ ರೈಲು ಹಿಡಿದು ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಇಂಥ ಸಂಖ್ಯೆಗಳಲ್ಲಿ ಪಳಗಿದವರು. ಯಾವ ಕಣ್ಣೆಂದು ಬರೆಯದಿದ್ದರೆ ಅಮೆರಿಕದ ವೈದ್ಯರಿಗೆ ಪ್ರಶ್ನೆ ಹೋಗುತ್ತದೆ. ನಮ್ಮಲ್ಲಿ ಆಯುಷ್ಮಾನ್ ಭಾರತದ ವಿಮೆ ಮುಖ್ಯವಾಗಿ ಒಳರೋಗಿಗಳಿಗೆ. ಕಣ್ಣಿನ ಸೋಂಕಿನವರು ಹೆಚ್ಚಾಗಿ ಓಪಿಯಲ್ಲೇ ಬಂದು ಹೋಗುವವರು. ಕ್ಲೈಮ್ ಇಲ್ಲದ ಕಡೆ ಕೋಡ್ ಕೇಳುವವರೂ ಇಲ್ಲ.

2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಕಾಯಿಲೆಯ ಸಂಕೇತಕ್ಕೆ ಯಾವ ಬದಿ, ಯಾವ ಕ್ರಿಮಿ ಎಂಬುದನ್ನು ಕೊಂಡಿಯಂತೆ ಸೇರಿಸುತ್ತ ಹೋಗಬಹುದು. ಒಳ್ಳೆಯ ಅನುಕೂಲವೇ. ಆದರೆ ಚೀಟಿಯಲ್ಲಿ ಬರೆಯದ್ದನ್ನು ಯಾವ ಪರಿಷ್ಕರಣೆಯೂ ಹುಡುಕಿ ಕೊಡಲಾರದು.

ಕಂಪ್ಯೂಟರ್ ಬರಲಿ ಎಂದು ಕಾಯಬೇಕಾಗಿಲ್ಲ, ಓಪಿ ಚೀಟಿಗೆ ಒತ್ತುವ ಒಂದು ರಬ್ಬರ್ ಸ್ಟಾಂಪ್ ಸಾಕು. ಯಾವ ಕಣ್ಣು, ಏನು ಯಾವಾಗ ತಾಗಿತು, ಏನು ಹಾಕಿಕೊಂಡರು, ಹುಣ್ಣು ಎಷ್ಟು ಮಿಲಿಮೀಟರ್, ಅದರಿಂದ ಕೆರೆದು ಗಾಜಿಗೆ ಸವರಿದ ಸ್ಮಿಯರ್‌ನಲ್ಲಿ ಏನು ಕಂಡಿತು ಎಂದು ಐದು ಖಾಲಿ ಜಾಗ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರರಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಶಿಲೀಂಧ್ರ ಕಾಣುವಂತೆ ಮಾಡುವ ಕೆಓಎಚ್ ದ್ರಾವಣ ಹಾಕಿ ಸ್ಮಿಯರ್ ನೋಡುವುದು ಅಲ್ಲಿ ದುಬಾರಿ ಪರೀಕ್ಷೆಯೇನಲ್ಲ. ಈ ಐದು ಜಾಗ ತುಂಬಿದ ಚೀಟಿಗಳು ಒಂದು ವರ್ಷ ಸೇರಿದರೆ ಸುಗ್ಗಿಯ ಯಾವ ತಿಂಗಳಲ್ಲಿ ಯಾವ ತಾಲ್ಲೂಕಿಗೆ ಶಿಲೀಂಧ್ರಕ್ಕೆ ಹಾಕುವ ನಟಮೈಸಿನ್ ಡ್ರಾಪ್ಸ್ ಎಷ್ಟು ಬೇಕು ಎಂದು ಜಿಲ್ಲೆಯ ಔಷಧ ಉಗ್ರಾಣದವರು ಮೊದಲೇ ಲೆಕ್ಕ ಹಾಕಿ ತರಿಸಿಡಬಹುದು.