ಕೊಳ್ಳದ ಟಿಕೆಟ್ಟಿಗೆ ಬರುವ ಬಹುಮಾನ: ಲಾಟರಿ ವಂಚನೆಯ ಇಮೇಲ್ ನಡೆದುಬಂದ ದಾರಿ

ಪತ್ರದ ಒಕ್ಕಣೆ ಬಹುತೇಕ ಎಲ್ಲರಿಗೂ ಪರಿಚಿತ. ಕಂಪ್ಯೂಟರ್ ಎತ್ತಿದ ಚೀಟಿಯಲ್ಲಿ ನಿಮ್ಮ ಇಮೇಲ್ ವಿಳಾಸಕ್ಕೆ ಬಹುಮಾನ ಬಂದಿದೆ, ಟಿಕೆಟ್ ಸಂಖ್ಯೆ ಇಂಥದ್ದು, ಬ್ಯಾಚ್ ಸಂಖ್ಯೆ ಇಂಥದ್ದು, ಮೊತ್ತ ಇಷ್ಟು ಲಕ್ಷ ಪೌಂಡ್ ಅಥವಾ ಯೂರೋ, ಹಣ ಪಡೆಯಲು ನಮ್ಮ ಪ್ರತಿನಿಧಿಯನ್ನು ಸಂಪರ್ಕಿಸಿ, ಹಣ ಕೈಸೇರುವ ತನಕ ವಿಷಯ ಗುಟ್ಟಾಗಿರಲಿ. ಸುಮಾರು ಇಪ್ಪತ್ತೈದು ವರ್ಷಗಳಿಂದ ಈ ಒಕ್ಕಣೆ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿರುವುದು ಅದರ ಭಾಷೆಯ ನಯ, ಅದು ಬಂದು ತಲುಪುವ ಮಾರ್ಗ ಮತ್ತು ಹಣ ಕೈಬದಲಾಗುವ ಬಗೆ. ಹೀಗಾಗಿ ಹಿಂದೆ ಕೊಡುತ್ತಿದ್ದ ಎಚ್ಚರಿಕೆಯ ಮಾತುಗಳಲ್ಲಿ ಕೆಲವು ಇಂದು ಕೆಲಸಕ್ಕೆ ಬಾರವು, ಕೆಲವು ದಾರಿಯನ್ನೇ ತಪ್ಪಿಸುತ್ತವೆ. ಯಾವುದು ಹಳತಾಗಿದೆ, ಯಾವುದು ಇನ್ನೂ ನಿಲ್ಲುತ್ತದೆ ಎಂಬುದನ್ನು ಬಿಡಿಸಿಕೊಳ್ಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ದೊಡ್ಡ ಹಣವೊಂದು ಎಲ್ಲೋ ಸಿಕ್ಕಿಕೊಂಡಿದೆ, ಅದನ್ನು ಬಿಡಿಸಲು ಮೊದಲು ಸಣ್ಣ ಹಣ ಬೇಕು ಎಂಬ ಕಟ್ಟುಕತೆ ಇಮೇಲ್‌ಗಿಂತ ಬಹಳ ಹಳೆಯದು. ಫ್ರಾನ್ಸಿನ ಪತ್ತೇದಾರ ವಿಡಾಕ್, 1828ರಲ್ಲಿ ಹೊರಬರತೊಡಗಿದ ತನ್ನ ನೆನಪುಗಳಲ್ಲಿ, ಸೆರೆಮನೆಯ ಕೈದಿಗಳು ಊರಿನ ಸ್ಥಿತಿವಂತರ ಹೆಸರು ಹುಡುಕಿ ಬರೆಯುತ್ತಿದ್ದ ‘ಜೆರುಸಲೇಮ್ ಪತ್ರ’ಗಳನ್ನು ವರ್ಣಿಸಿದ್ದಾನೆ. ಓಡಿಹೋಗುವಾಗ ಬಚ್ಚಿಟ್ಟ ಒಡವೆಯ ಪೆಟ್ಟಿಗೆ, ಅದನ್ನು ಮರಳಿ ಪಡೆಯಲು ತಗಲುವ ಖರ್ಚು, ನೆರವಾದವರಿಗೆ ಪಾಲು ಎಂಬಷ್ಟೇ ಅವುಗಳ ಸಾರ. ನೂರು ಪತ್ರ ಹೋದರೆ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತು ಎಂದು ಅವನು ದಾಖಲಿಸಿದ್ದಾನೆ. ಅದೇ ಶತಮಾನದ ಕೊನೆಯ ಹೊತ್ತಿಗೆ ಈ ಕಟ್ಟುಕತೆ ‘ಸ್ಪೇನಿನ ಕೈದಿ’ ಎಂಬ ಹೆಸರಿನಲ್ಲಿ ಅಟ್ಲಾಂಟಿಕ್ ದಾಟಿತ್ತು. 1980ರ ದಶಕದಲ್ಲಿ ಅಂಚೆ ಮತ್ತು ಫ್ಯಾಕ್ಸ್ ಮೂಲಕ ಬಂದ ಪತ್ರಗಳು ನೈಜೀರಿಯಾದ ದಂಡಸಂಹಿತೆಯ 419ನೇ ವಿಧಿಯಿಂದಾಗಿ ಜಗತ್ತಿನಾದ್ಯಂತ ‘419’ ಎಂದೇ ಹೆಸರಾದವು. ಒಂದು ದೇಶದ ಕಾನೂನಿನ ಸಂಖ್ಯೆ ಇಡೀ ವಂಚನೆಗೆ ಅಂಟಿಕೊಂಡದ್ದು ನ್ಯಾಯವಾಗಲಿಲ್ಲ, ಏಕೆಂದರೆ ಅಂಥ ಪತ್ರಗಳು ಅನೇಕ ದೇಶಗಳಿಂದ ಹೊರಟಿದ್ದವು, ಮತ್ತು ಆ ಒಂದು ಹೆಸರನ್ನಷ್ಟೇ ಅನುಮಾನಿಸಲು ಕಲಿತವರು ಬೇರೆ ದೇಶದ ಹೆಸರು ಹೊತ್ತು ಬಂದ ಪತ್ರವನ್ನು ಸುಲಭವಾಗಿ ನಂಬಿದರು.

ಇಮೇಲ್ ಈ ಕಸುಬಿಗೆ ಒದಗಿಸಿದ ಅನುಕೂಲ ಎರಡು. ಮೊದಲನೆಯದು ಅಗ್ಗ. ಎರಡನೆಯದು ಹೆಚ್ಚು ಗಂಭೀರವಾದದ್ದು. 1982ರಲ್ಲಿ ರೂಪುಗೊಂಡ ಇಮೇಲ್ ರವಾನೆಯ ನಿಯಮಾವಳಿಯಲ್ಲಿ, ಕಳುಹಿಸಿದವರು ತಾವು ಹೇಳಿಕೊಂಡವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಒಬ್ಬರನ್ನೊಬ್ಬರು ಬಲ್ಲ ಕೆಲವೇ ಸಂಸ್ಥೆಗಳ ನಡುವಿನ ವ್ಯವಸ್ಥೆಯಾಗಿದ್ದಾಗ ಅದರ ಅಗತ್ಯ ಕಂಡಿರಲಿಲ್ಲ. ಆ ವ್ಯವಸ್ಥೆ ಕೋಟ್ಯಂತರ ಅಪರಿಚಿತರ ಕೈಗೆ ಬಂದಾಗ ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದಾದ ಸ್ಥಿತಿ ಹಾಗೆಯೇ ಉಳಿದಿತ್ತು.

ಲಾಟರಿಯ ಕತೆ ಈ ದಾರಿಗೆ ಸೇರಿಕೊಂಡು ಬೆಳೆದದ್ದು ಹೊಸ ಶತಮಾನದ ಮೊದಲ ವರ್ಷಗಳಲ್ಲಿ, ಮತ್ತು ನಾವು ನಿಂತು ನೋಡಬೇಕಾದದ್ದು ಆ ಘಟ್ಟವನ್ನೇ. ಅದಕ್ಕೆ ಮೊದಲಿನ ಪತ್ರಗಳು ಓದುಗನನ್ನು ಒಂದು ಕಳ್ಳವ್ಯವಹಾರದಲ್ಲಿ ಪಾಲುದಾರನಾಗಲು ಕರೆಯುತ್ತಿದ್ದವು: ಸತ್ತ ಅಧಿಕಾರಿಯ ಗುಪ್ತ ಖಾತೆ, ದೇಶದಿಂದ ಹೊರಗೆ ಸಾಗಿಸಬೇಕಾದ ಹಣ. ಪ್ರಾಮಾಣಿಕರು ಅಲ್ಲಿಯೇ ಹಿಂದೆ ಸರಿಯುತ್ತಿದ್ದರು. ಲಾಟರಿಯ ಪತ್ರ ಆ ಅಡ್ಡಿಯನ್ನು ತೆಗೆದುಹಾಕಿತು. ಬಹುಮಾನ ಬರುವುದರಲ್ಲಿ ತಪ್ಪಿಲ್ಲ, ನಾಚಿಕೆಯಿಲ್ಲ, ಯಾರಿಗೂ ಮೋಸವಿಲ್ಲ. ಈ ವಂಚನೆಗೆ ಸಿಕ್ಕವರನ್ನು ಕಂಡಾಗಲೆಲ್ಲ ‘ಅತಿಯಾಸೆ ಗತಿಗೇಡು’ ಎಂದುಬಿಡುವ ರೂಢಿ ನಮ್ಮಲ್ಲಿದೆ. ಆದರೆ ಈ ಪತ್ರ ಕೆದಕುವುದು ದುರಾಸೆಗಿಂತ ಹೆಚ್ಚಾಗಿ ಭರವಸೆಯನ್ನು. ಸಾಲ, ಕಾಯಿಲೆ, ಮಕ್ಕಳ ಓದು ಎಂಬ ಸಾಮಾನ್ಯ ಚಿಂತೆಗಳಿಗೆ ಒಮ್ಮೆಗೇ ಪರಿಹಾರ ಸಿಗಬಹುದೆಂಬ ಆಸೆಯನ್ನು. ಅದನ್ನು ಅತಿಯಾಸೆ ಎಂದು ಕರೆಯುವುದು ಕಷ್ಟ.

ಪತ್ರಕ್ಕೆ ನಂಬಿಕೆಯ ಮೆರುಗು ಸಿಕ್ಕಿದ್ದು ನಿಜವಾದ ಲಾಟರಿಗಳಿಂದ. ನೆದರ್ಲೆಂಡ್ಸಿನ ಸರ್ಕಾರಿ ಲಾಟರಿ ಆರಂಭವಾದದ್ದು 1726ರಲ್ಲಿ, ಸ್ಪೇನಿನ ಕ್ರಿಸ್‌ಮಸ್ ಲಾಟರಿಯ ಮೂಲ 1812ರ ಕಾಡಿಜ್ ನಗರದಲ್ಲಿ, ಬ್ರಿಟನ್ನಿನ ನ್ಯಾಷನಲ್ ಲಾಟರಿಯ ಮೊದಲ ಡ್ರಾ 1994ರ ನವೆಂಬರಿನಲ್ಲಿ. ವಂಚಕರು ಬಳಸಿಕೊಂಡದ್ದು ಬಹುಮಟ್ಟಿಗೆ ಇಂಥ ಹೆಸರುಗಳನ್ನೇ. ಹೆಸರನ್ನು ಹುಡುಕಿ ನೋಡಿದವರಿಗೆ ಅಂಥ ಲಾಟರಿ ನಿಜವಾಗಿಯೂ ಇದೆ ಎಂಬ ಉತ್ತರ ಸಿಕ್ಕಿ, ಅನುಮಾನ ಪರಿಹಾರವಾಗುವ ಬದಲು ನಂಬಿಕೆ ಗಟ್ಟಿಯಾಗುತ್ತಿತ್ತು. ಬಳಿಕ ದೊಡ್ಡ ಸಾಫ್ಟ್‌ವೇರ್ ಕಂಪನಿಗಳು, ತಂಪು ಪಾನೀಯದ ಕಂಪನಿಗಳು, ವಿಶ್ವಕಪ್ ಫುಟ್‌ಬಾಲ್ ಇವೆಲ್ಲವೂ ತಮ್ಮ ಅರಿವಿಲ್ಲದೆ ಬಹುಮಾನ ಹಂಚುವವರ ಪಟ್ಟಿಗೆ ಸೇರಿದವು. 2005ರ ಜುಲೈನಲ್ಲಿ ಸ್ಪೇನಿನ ಮಾಲಗಾ ಪ್ರಾಂತದಲ್ಲಿ ಪೊಲೀಸರು ಒಂದೇ ಕಾರ್ಯಾಚರಣೆಯಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿದರು; 40ಕ್ಕೂ ಹೆಚ್ಚು ದೇಶಗಳ ಜನ ಹಣ ಕಳೆದುಕೊಂಡಿದ್ದರೆಂದು ಆಗ ವರದಿಯಾಯಿತು. ಬಂಧನಗಳ ಬಳಿಕವೂ ಪತ್ರಗಳು ನಿಲ್ಲಲಿಲ್ಲ.

ಆ ಕಾಲದ ಒಂದು ಪತ್ರವನ್ನು ಎಳೆ ಎಳೆಯಾಗಿ ಬಿಡಿಸಿದರೆ, ಅದರಲ್ಲಿ ಸುಮ್ಮನೆ ಬಂದ ಮಾತು ಒಂದೂ ಇಲ್ಲವೆಂಬುದು ಕಾಣುತ್ತದೆ. ಸಾಲುಸಾಲು ಸಂಖ್ಯೆಗಳು ಕಚೇರಿಯ ಕಡತದ ಭಾವನೆ ಹುಟ್ಟಿಸುತ್ತವೆ. ನೀವು ಟಿಕೆಟ್ ಕೊಂಡಿಲ್ಲವಲ್ಲ ಎಂಬ ಸಹಜ ಪ್ರಶ್ನೆಗೆ, ಜಗತ್ತಿನ ಇಷ್ಟು ಸಾವಿರ ಇಮೇಲ್ ವಿಳಾಸಗಳಿಂದ ಆಯ್ದದ್ದು ಎಂಬ ಉತ್ತರ ಮೊದಲೇ ಸಿದ್ಧವಿರುತ್ತದೆ. ಇಂಥ ದಿನದೊಳಗೆ ಕೇಳದಿದ್ದರೆ ಹಣ ಮರಳಿಹೋಗುತ್ತದೆ ಎಂಬ ಗಡುವು ಯೋಚಿಸುವ ಸಮಯವನ್ನು ಕಸಿದುಕೊಳ್ಳುತ್ತದೆ. ಇನ್ನೊಬ್ಬರು ನಿಮ್ಮ ಬಹುಮಾನವನ್ನು ತಮ್ಮದೆಂದು ಹೇಳಿಕೊಳ್ಳದಂತೆ ಗುಟ್ಟು ಕಾಯಿರಿ ಎಂಬ ವಾಕ್ಯ ಎಲ್ಲಕ್ಕಿಂತ ಮುಖ್ಯವಾದದ್ದು, ಏಕೆಂದರೆ ಓದುಗನನ್ನು ಮನೆಯವರಿಂದಲೂ ಗೆಳೆಯರಿಂದಲೂ ಬೇರ್ಪಡಿಸುವ ಕೆಲಸವನ್ನು ಅದೊಂದೇ ಮಾಡುತ್ತದೆ. ಕೊಟ್ಟಿರುವ ಫೋನ್ ಸಂಖ್ಯೆಯೂ ಆಯ್ಕೆ ಮಾಡಿದ್ದೇ: ಬ್ರಿಟನ್ನಿನ ಮೊಬೈಲಿನಂತೆ ತೋರುವ, 070ರಿಂದ ಆರಂಭವಾಗುವ ಸಂಖ್ಯೆಗಳು ಕರೆಯನ್ನು ಬೇರೆಡೆಗೆ ತಿರುಗಿಸುವ ಸೇವೆಗೆ ಮೀಸಲಾದವು, ಉತ್ತರಿಸುವ ವ್ಯಕ್ತಿ ಯಾವ ಖಂಡದಲ್ಲಾದರೂ ಇರಬಹುದಿತ್ತು.

ಉತ್ತರ ಬರೆದವರ ಮುಂದೆ ಎರಡನೆಯ ಅಂಕ ತೆರೆಯುತ್ತಿತ್ತು. ಮೊದಲು ಹೆಸರು, ವಯಸ್ಸು, ಉದ್ಯೋಗ, ಗುರುತುಪತ್ರದ ನಕಲು. ಆಮೇಲೆ ಸಂಸ್ಕರಣಾ ಶುಲ್ಕ. ಅದನ್ನು ಕಟ್ಟಿದ ಮೇಲೆ ವಿಮೆ, ವರ್ಗಾವಣೆ ತೆರಿಗೆ, ಹಣಕ್ಕೆ ಭಯೋತ್ಪಾದನೆಯೊಂದಿಗಾಗಲಿ ಮಾದಕ ವಸ್ತುವಿನೊಂದಿಗಾಗಲಿ ಸಂಬಂಧವಿಲ್ಲವೆಂಬ ಪ್ರಮಾಣಪತ್ರ. ಪ್ರತಿಯೊಂದೂ ಕೊನೆಯ ಕಂತು ಎಂದೇ ಬರುತ್ತಿತ್ತು, ಮತ್ತು ಆಗಲೇ ಕೊಟ್ಟ ಹಣವನ್ನು ಕೈಬಿಡಲಾರದೆ ಜನ ಮುಂದಿನದನ್ನೂ ಕಟ್ಟುತ್ತಿದ್ದರು. ಕೆಲವರಿಗೆ ಒಂದು ನಕಲಿ ಬ್ಯಾಂಕಿನ ಜಾಲತಾಣವನ್ನೇ ತೋರಿಸಿ, ಅಲ್ಲಿ ಅವರ ಹೆಸರಿನ ಖಾತೆಯಲ್ಲಿ ಪೂರ್ತಿ ಬಹುಮಾನ ಜಮೆಯಾಗಿರುವಂತೆ ಕಾಣಿಸಲಾಗುತ್ತಿತ್ತು. ಇನ್ನು ಕೆಲವರಿಗೆ ಕೈಗೆ ಒಂದು ಚೆಕ್ಕೇ ಬರುತ್ತಿತ್ತು. ಅದು ಖೊಟ್ಟಿಯೆಂದು ಬ್ಯಾಂಕಿಗೆ ತಿಳಿಯುವ ಮೊದಲೇ ಖಾತೆಯಲ್ಲಿ ಮೊತ್ತ ಕಾಣಿಸಿಕೊಂಡು, ಅದರಿಂದ ‘ತೆರಿಗೆ’ ಕಳುಹಿಸಿದವರು ವಾರಗಳ ಬಳಿಕ ಇಡೀ ಮೊತ್ತಕ್ಕೆ ತಾವೇ ಹೊಣೆಯಾಗುತ್ತಿದ್ದರು.

ತೆರಿಗೆಯ ಮಾತು ಬಂದದ್ದರಿಂದ ಒಂದು ವಿವರವನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಬ್ರಿಟನ್ನಿನಲ್ಲಿ ಲಾಟರಿ ಬಹುಮಾನದ ಮೇಲೆ ತೆರಿಗೆಯೇ ಇಲ್ಲ. ಸ್ಪೇನಿನಲ್ಲಿಯೂ ಅಮೆರಿಕದಲ್ಲಿಯೂ ದೊಡ್ಡ ಬಹುಮಾನಗಳಿಗೆ ತೆರಿಗೆಯುಂಟು, ಆದರೆ ಅದನ್ನು ಪೂರ್ತಿಯಾಗಿಯೋ ಭಾಗಶಃವೋ ಮೊತ್ತದಿಂದಲೇ ಕಳೆದು ಉಳಿದದ್ದನ್ನು ಗೆದ್ದವರಿಗೆ ಕೊಡುತ್ತಾರೆ. ಬಹುಮಾನ ಬಿಡುಗಡೆಯಾಗುವ ಮೊದಲೇ ಗೆದ್ದವರು ‘ಪ್ರತಿನಿಧಿ’ಯೊಬ್ಬನಿಗೆ ತೆರಿಗೆ ಕಳುಹಿಸುವ ಪದ್ಧತಿ ಇವುಗಳಲ್ಲಿ ಎಲ್ಲಿಯೂ ಇಲ್ಲ. ಹಾಗೆಯೇ, ಅಂಗಡಿಯಲ್ಲಿ ಮಾರಿದ ಕಾಗದದ ಟಿಕೆಟ್ ಯಾರ ಕೈಯಲ್ಲಿದೆ ಎಂಬುದು ಲಾಟರಿ ನಡೆಸುವವರಿಗೇ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಗೆದ್ದವರು ಟಿಕೆಟ್ ಹಿಡಿದು ಅವರನ್ನು ಹುಡುಕಿಕೊಂಡು ಹೋಗಬೇಕೇ ಹೊರತು ಅವರು ಗೆದ್ದವರನ್ನು ಹುಡುಕಿಕೊಂಡು ಬರುವುದಿಲ್ಲ.

ನಷ್ಟದ ಅಗಲ ತಿಳಿಯತೊಡಗಿದ್ದು ತಡವಾಗಿ. ಬ್ರಿಟನ್ನಿನ ನ್ಯಾಯಯುತ ವ್ಯಾಪಾರ ಕಚೇರಿ 2006ರಲ್ಲಿ ಮಾಡಿದ ಅಂದಾಜಿನಂತೆ, ಲಾಟರಿಯೂ ಸೇರಿ ಸಾಮೂಹಿಕವಾಗಿ ಕಳುಹಿಸುವ ಎಲ್ಲ ಬಗೆಯ ವಂಚನೆಗಳಿಗೆ ಆ ಒಂದು ದೇಶದಲ್ಲಿಯೇ ವರ್ಷಕ್ಕೆ ಸುಮಾರು 32 ಲಕ್ಷ ವಯಸ್ಕರು ಸಿಲುಕಿ, 350 ಕೋಟಿ ಪೌಂಡ್ ಕಳೆದುಕೊಳ್ಳುತ್ತಿದ್ದರು. ಅದೇ ಕಚೇರಿಗಾಗಿ ಎಕ್ಸೆಟರ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು ಮಾಡಿ 2009ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಹೆಚ್ಚು ಓದಿಗೆ ಯೋಗ್ಯವಾದದ್ದು. ಮೋಸ ಹೋದವರು ಯೋಚಿಸದೆ ಹೋದವರಲ್ಲ. ಮೋಸ ಹೋಗದವರಿಗಿಂತ ಹೆಚ್ಚು ಹೊತ್ತು ಪತ್ರವನ್ನು ತೂಗಿ ನೋಡಿದವರು ಅವರಲ್ಲಿ ಇದ್ದರು. ಪತ್ರ ಹೇಳುವ ವಿಷಯದ ತಿಳಿವಳಿಕೆ ಇರುವುದು ಕೂಡ ರಕ್ಷಣೆಯಾಗಿರಲಿಲ್ಲ. ತಮ್ಮ ನಿರ್ಧಾರವನ್ನು ಮನೆಯವರಿಂದ, ಗೆಳೆಯರಿಂದ ಮರೆಮಾಚುವ ಪ್ರವೃತ್ತಿ ಅವರಲ್ಲಿ ಕಂಡುಬಂತು, ಒಳಗೊಳಗೇ ಇದು ಸರಿಯಲ್ಲವೆಂದು ಅನಿಸುತ್ತಿದ್ದುದರಿಂದಲೇ ಬಹುಶಃ. ಸಿಲುಕದವರು ಪತ್ರವನ್ನು ಚೆನ್ನಾಗಿ ಪರೀಕ್ಷಿಸಿದ್ದರಿಂದ ಪಾರಾಗಲಿಲ್ಲ, ಪರೀಕ್ಷಿಸದೆ ಅಳಿಸಿಹಾಕಿದ್ದರಿಂದ ಪಾರಾದರು.

ಈ ಮಾತನ್ನು ಒಪ್ಪಿಕೊಂಡರೆ, ತಪ್ಪು ಕಾಗುಣಿತ ನೋಡಿ ವಂಚನೆ ಗುರುತಿಸಿ ಎಂಬ ಹಳೆಯ ಸಲಹೆ ಎಷ್ಟು ದುರ್ಬಲವೆಂದು ತಿಳಿಯುತ್ತದೆ. ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಮಂಡಿಸಿದ ವಾದದಂತೆ, ಪತ್ರದ ಎದ್ದುಕಾಣುವ ಅಸಂಬದ್ಧತೆ ಕಳುಹಿಸುವವರಿಗೆ ಲಾಭದಾಯಕ: ಅನುಮಾನಿಸುವವರು ಮೊದಲ ಹೆಜ್ಜೆಯಲ್ಲಿಯೇ ಜರಡಿಯಿಂದ ಹೊರಬಿದ್ದು, ಕೊನೆಯವರೆಗೆ ಬರುವವರಷ್ಟೇ ಉತ್ತರಿಸುತ್ತಾರೆ, ಹಾಗಾಗಿ ಶ್ರಮ ವ್ಯರ್ಥವಾಗುವುದಿಲ್ಲ. ಇಂದು ಯಂತ್ರವೇ ಯಾವ ಭಾಷೆಯಲ್ಲಾದರೂ ಶುದ್ಧವಾಗಿ ಬರೆದುಕೊಡುವುದರಿಂದ ಸಂಭಾಷಣೆ ನಡೆಸುವ ಶ್ರಮವೂ ಕಡಿಮೆಯಾಗಿದೆ. ಆ ಜರಡಿಯ ಅಗತ್ಯ ಅವರಿಗೆ ಮೊದಲಿನಷ್ಟು ಇಲ್ಲ. ತಪ್ಪುಗಳಿಲ್ಲದ ಪತ್ರ ಈಗ ಏನನ್ನೂ ಸಾಬೀತುಪಡಿಸುವುದಿಲ್ಲ.

ತಾಂತ್ರಿಕ ತಡೆಗಳ ಕತೆಯನ್ನು ಚಿಕ್ಕದಾಗಿ ಹೇಳಬಹುದು. 2002ರ ಸುಮಾರಿಗೆ ಪದಗಳ ಸಂಭವನೀಯತೆಯನ್ನು ಲೆಕ್ಕಹಾಕಿ ಕಸದ ಅಂಚೆಯನ್ನು ಬೇರ್ಪಡಿಸುವ ಫಿಲ್ಟರ್‌ಗಳು ಬಳಕೆಗೆ ಬಂದವು. ಅನಂತರ ಅಂಚೆ ತಾನು ಹೇಳಿಕೊಂಡ ತಾಣದಿಂದಲೇ ಹೊರಟಿದೆಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಏರ್ಪಾಡುಗಳು 1982ರ ಕೊರತೆಯನ್ನು ಒಂದಿಷ್ಟು ತುಂಬಿದವು, ಮತ್ತು 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಪ್ರಮಾಣದಲ್ಲಿ ಅಂಚೆ ಕಳುಹಿಸುವವರಿಗೆ ಅವುಗಳನ್ನು ಕಡ್ಡಾಯ ಮಾಡಿವೆ. ಆದರೆ ಇವು ದೃಢಪಡಿಸುವುದು ಅಂಚೆ ಹೊರಟ ಮನೆಯನ್ನು ಮಾತ್ರ, ಬರೆದವರ ಮನಸ್ಸನ್ನಲ್ಲ. ಉಚಿತ ಖಾತೆಯೊಂದರಿಂದ ಹೊರಟ ವಂಚನೆಯ ಪತ್ರ ಈ ಮೂರೂ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬಲ್ಲದು. ಇನ್‌ಬಾಕ್ಸಿಗೆ ಬಂದಿದೆ ಎಂದರೆ ಸಾಚಾ ಇರಬೇಕು ಎಂಬ ಹೊಸ ಭ್ರಮೆ ಇದರಿಂದ ಹುಟ್ಟಿದೆ.

ಹಣದ ದಾರಿಯ ಬಗ್ಗೆ ಇಷ್ಟು ಗಮನ ಬಹುಕಾಲ ಹರಿಯಲಿಲ್ಲ. ಜಗತ್ತಿನ ಬಹು ದೊಡ್ಡ ಹಣ ರವಾನೆ ಸಂಸ್ಥೆಗಳಲ್ಲೊಂದು, ತನ್ನ ಮೂಲಕ ನಡೆದ ಇಂಥ ವಂಚನೆಗಳನ್ನು ತಡೆಯದ ಲೋಪಕ್ಕಾಗಿ 2017ರಲ್ಲಿ ಅಮೆರಿಕದಲ್ಲಿ 58.6 ಕೋಟಿ ಡಾಲರ್ ತೆರಲು ಒಪ್ಪಿತು. ಆ ದಾರಿ ಇಕ್ಕಟ್ಟಾದಂತೆ ಬೇಡಿಕೆ ಗಿಫ್ಟ್ ಕಾರ್ಡ್‌ಗಳ ಸಂಖ್ಯೆಗೂ ಕ್ರಿಪ್ಟೋ ನಾಣ್ಯಗಳಿಗೂ ತಿರುಗಿದೆ, ಅವೆರಡನ್ನೂ ಒಮ್ಮೆ ಕೊಟ್ಟ ಮೇಲೆ ಮರಳಿ ಪಡೆಯುವುದು ಬಹಳ ಕಷ್ಟ. ಪತ್ರದ ಕತೆಯೂ ಒಂದು ಹೊಸ ರೂಪ ಪಡೆದಿದೆ: ಸುದ್ದಿಯಲ್ಲಿ ಬಂದ ನಿಜವಾದ ಲಾಟರಿ ವಿಜೇತರ ಹೆಸರು ಹಾಕಿ, ಗೆದ್ದ ಹಣದಲ್ಲಿ ಒಂದು ಭಾಗವನ್ನು ದಾನ ಮಾಡಲು ನಿಮ್ಮನ್ನು ಆರಿಸಿದ್ದೇನೆ ಎಂದು ಬರೆಯುತ್ತಾರೆ. ಇಲ್ಲಿ ಟಿಕೆಟ್ಟಿನ ಪ್ರಶ್ನೆಯೇ ಏಳುವುದಿಲ್ಲ. ಆದರೂ ಎರಡು ಸಂಗತಿಗಳು ಮೊದಲಿನಂತೆಯೇ ಉಳಿದಿವೆ. ಹಣ ಬರಬೇಕಾದವರಿಂದ ಹಣ ಅಥವಾ ಗುರುತಿನ ವಿವರ ಕೇಳುವುದು ಒಂದು, ಯಾರಿಗೂ ಹೇಳಬೇಡಿ ಎನ್ನುವುದು ಇನ್ನೊಂದು.

ಆದುದರಿಂದ ಅಂಥ ಪತ್ರ ಬಂದಾಗ ಕುತೂಹಲಕ್ಕೆಂದೂ, ಬೈಯುವುದಕ್ಕೆಂದೂ ಉತ್ತರಿಸಬಾರದು. ಉತ್ತರ ಎಂಥದ್ದೇ ಇರಲಿ, ಈ ವಿಳಾಸದಲ್ಲಿ ಓದುವವರಿದ್ದಾರೆ ಎಂಬುದನ್ನು ಅದು ತಿಳಿಸುತ್ತದೆ. ಪಟ್ಟಿಯಿಂದ ಹೆಸರು ತೆಗೆಯಿರಿ ಎಂಬ ಕೊಂಡಿಯನ್ನು ಒತ್ತಿದರೂ ಅದೇ ಆಗಬಹುದು. ಸ್ಪ್ಯಾಮ್ ಎಂದು ಗುರುತಿಸಿದರೆ ಫಿಲ್ಟರ್‌ಗೆ ಕಲಿಯಲು ನೆರವಾಗುತ್ತದೆ. ನಿಜವಾಗಿಯೂ ಟಿಕೆಟ್ ಕೊಂಡಿದ್ದು ಅನುಮಾನ ಉಳಿದಿದ್ದರೆ, ಪತ್ರದ ಕೊಂಡಿಯನ್ನು ಬಳಸದೆ ಲಾಟರಿಯ ಅಧಿಕೃತ ತಾಣದ ವಿಳಾಸವನ್ನು ತಾವೇ ಬೆರಳಚ್ಚಿಸಿ, ಟಿಕೆಟ್ಟಿನ ಸಂಖ್ಯೆಯನ್ನು ಫಲಿತಾಂಶದೊಂದಿಗೆ ತಾಳೆ ನೋಡಬೇಕು. ಕಾಣುವ ಹೆಸರು ಒಂದಾಗಿದ್ದು, ಉತ್ತರ ಹೋಗುವ ವಿಳಾಸ ಇನ್ನೊಂದಾಗಿದ್ದರೆ ಅಷ್ಟಕ್ಕೇ ನಿಲ್ಲಿಸಬಹುದು.

ಈಗಾಗಲೇ ಹಣ ಕಳುಹಿಸಿದವರು ಮಾಡಬೇಕಾದದ್ದು ಬೇರೆ. ಬ್ಯಾಂಕಿಗೂ ಪೊಲೀಸರಿಗೂ ಆ ದಿನವೇ ತಿಳಿಸಬೇಕು, ಏಕೆಂದರೆ ವರ್ಗಾವಣೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚಿರುವುದು ಮೊದಲ ಕೆಲವು ಗಂಟೆಗಳಲ್ಲಿ. ನಾಚಿಕೆಯಿಂದ ಪತ್ರಗಳನ್ನು ಅಳಿಸಿಹಾಕುವವರಿದ್ದಾರೆ. ಅವು ಸಾಕ್ಷ್ಯ, ಹಾಗೆಯೇ ಇಟ್ಟುಕೊಳ್ಳಬೇಕು. ಒಮ್ಮೆ ಹಣ ಕಟ್ಟಿದವರ ಹೆಸರುಗಳು ಪಟ್ಟಿಯಾಗಿ ವಂಚಕರ ನಡುವೆ ಮಾರಾಟವಾಗುತ್ತವೆ, ಹಾಗಾಗಿ ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಇನ್ನೊಂದು ಪತ್ರ ಬರುವ ಸಂಭವವಿದೆ. ಈ ಬಾರಿ ಬರೆಯುವವರು ವಕೀಲರೆಂದೋ ತನಿಖಾಧಿಕಾರಿಯೆಂದೋ ಹೇಳಿಕೊಂಡು, ನೀವು ಕಳೆದುಕೊಂಡ ಹಣ ಪತ್ತೆಯಾಗಿದೆ, ಮರಳಿ ಕೊಡಿಸಲು ಒಂದು ಸಣ್ಣ ಶುಲ್ಕ ಕಟ್ಟಿದರೆ ಸಾಕು ಎನ್ನುತ್ತಾರೆ.