ಗಾಜು ಗೀರಿದ ಮರಳಿನ ಕಾಳು

ಮೀನಿನ ತೊಟ್ಟಿ ಇಟ್ಟುಕೊಂಡು ನನಗೆ ಫೋನ್ ಮಾಡುವವರ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. "ನೀವು ಹೇಳಿದಂತೆ ಮ್ಯಾಗ್ನೆಟ್ ಕ್ಲೀನರ್‌ನಿಂದಲೇ ಉಜ್ಜಿದೆ, ಗಾಜಿನ ತುಂಬ ಗೀರು ಬಿದ್ದಿದೆ. ಮಾಲೇ ಕಳಪೆ ಇರಬೇಕು." ಈ ಕ್ಲೀನರ್ ಎಂದರೆ ಜೋಡಿ ಅಯಸ್ಕಾಂತ: ಒಂದು ಗಾಜಿನ ಒಳಗೆ, ಇನ್ನೊಂದು ಹೊರಗೆ; ಹೊರಗಿನದನ್ನು ಸರಿಸಿದರೆ ಒಳಗಿನದು ಜೊತೆಗೇ ಸರಿದು ಪಾಚಿ ಉಜ್ಜುತ್ತದೆ. ನಾನು ತಿರುಗಿ ಕೇಳುವುದು ಒಂದೇ ಮಾತು: ಉಜ್ಜಿದ ಮೇಲೆ ಆ ಮ್ಯಾಗ್ನೆಟ್ಟನ್ನು ಎಲ್ಲಿಡುತ್ತೀರಿ? ಒಳಗೇ ಬಿಡುತ್ತಾರಂತೆ. ಕಣ್ಣಿಗೆ ಬೀಳಬಾರದೆಂದು ಕೆಳಗಿನ ಮೂಲೆಗೆ ಸರಿಸಿ, ಮರಳಿಗೆ ತಾಗಿಕೊಂಡಂತೆ. ಅಲ್ಲಿಗೆ ನನ್ನ ತನಿಖೆ ಮುಗಿಯುತ್ತದೆ.

ಮ್ಯಾಗ್ನೆಟ್‌ನ ಬಟ್ಟೆಯ ಮುಖಕ್ಕೆ ಗಾಜನ್ನು ಗೀರುವ ಶಕ್ತಿ ಇಲ್ಲ. ಗೀರುವುದು ಅದರ ಮತ್ತು ಗಾಜಿನ ನಡುವೆ ಸಿಕ್ಕಿಕೊಂಡ ಮರಳಿನ ಕಾಳು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಗಾಜು ಸುಮಾರು 5.5ರಲ್ಲಿದ್ದರೆ, ಮರಳಿನಲ್ಲಿ ಸಾಮಾನ್ಯವಾಗಿ ತುಂಬಿರುವ ಬೆಣಚುಕಲ್ಲು 7ರಲ್ಲಿದೆ. ಗಡುಸಾದದ್ದು ಮೆದುವಾದದ್ದನ್ನು ಗೀರುತ್ತದೆ, ಇದರಲ್ಲಿ ರಾಜಿ ಇಲ್ಲ. ಆ ಕಾಳನ್ನು ಬಲವಾದ ಎರಡು ಅಯಸ್ಕಾಂತಗಳ ನಡುವೆ ಒತ್ತಿಹಿಡಿದು ಗಾಜಿನ ಉದ್ದಕ್ಕೂ ಎಳೆದಾಡಿದರೆ ಇನ್ನೇನಾಗಬೇಕು? ಇದನ್ನು ಎಷ್ಟು ಸಲ ವಿವರಿಸಿದರೂ ಮುಂದಿನ ತಿಂಗಳು ಅದೇ ವ್ಯಕ್ತಿ ಇನ್ನೂ ದುಬಾರಿಯ ಮ್ಯಾಗ್ನೆಟ್ ಕೊಂಡುತಂದು ಅದನ್ನೂ ಅದೇ ಮೂಲೆಯಲ್ಲಿ ಇಟ್ಟಿರುತ್ತಾರೆ. ದುಬಾರಿಯದರ ಹಿಡಿತ ಬಿಗಿ, ಹಾಗಾಗಿ ಗೀರೂ ಆಳ.

ಉಜ್ಜುವ ಮುನ್ನ ಮ್ಯಾಗ್ನೆಟ್ಟನ್ನು ಹೊರತೆಗೆಯಿರಿ. ಹರಿಯುವ ನೀರಿನಲ್ಲಿ ತೊಳೆಯಿರಿ, ಬೆರಳಿನಿಂದ ಸವರಿ ನೋಡಿ. ಕಣ್ಣಿಗೆ ಕಾಣದ ಕಾಳು ಬೆರಳಿಗೆ ತಿಳಿಯುತ್ತದೆ. ಮರಳಿನ ಮಟ್ಟಕ್ಕಿಂತ ಮೂರು ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿ. ಅದರ ಕೆಳಗಿನ ಪಾಚಿಯನ್ನು ಕೈಯಿಂದಲೇ, ಮೇಲ್ಮುಖವಾಗಿ ಒರೆಸಿ. ನಡುವೆ ಮ್ಯಾಗ್ನೆಟ್ ಕಳಚಿ ತಳಕ್ಕೆ ಬಿತ್ತೆನ್ನಿ, ಅಲ್ಲಿಂದಲೇ ಮತ್ತೆ ಗಾಜಿಗೆ ಅಂಟಿಸಿಕೊಳ್ಳಬೇಡಿ. ಮೇಲೆತ್ತಿ ಮತ್ತೊಮ್ಮೆ ತೊಳೆಯಿರಿ. ಕಪ್ಪು ಮರಳು ಹಾಕಿಸಿಕೊಂಡವರು ಇನ್ನಷ್ಟು ಎಚ್ಚರವಾಗಿರಬೇಕು. ಕೆಲವು ಕಪ್ಪು ಮರಳಿನಲ್ಲಿ ಕಬ್ಬಿಣದ ಅಂಶವಿದ್ದು, ಕಾಳುಗಳು ತಾವಾಗಿಯೇ ಬಂದು ಮ್ಯಾಗ್ನೆಟ್‌ಗೆ ಅಂಟಿಕೊಳ್ಳುತ್ತವೆ.

ಕ್ರಮವನ್ನೂ ನೋಡಿಕೊಳ್ಳಿ. ಮೊದಲು ಗಾಜು, ಆಮೇಲೆ ತಳ. ತಳದ ಕೊಳೆಯನ್ನು ನೀರಿನೊಂದಿಗೆ ಹೀರಿ ತೆಗೆಯುವ ಕೊಳವೆ, ಅಂದರೆ ಸೈಫನ್ ಹಾಕಿ ಮರಳನ್ನು ಕದಡಿಬಿಟ್ಟು, ಅದು ಇನ್ನೂ ನೀರಿನಲ್ಲಿ ತೇಲುತ್ತಿರುವಾಗಲೇ ಗಾಜು ಒರೆಸಲು ಕೈಹಾಕುವುದು ನಾನೇ ವೃತ್ತಿಯ ಆರಂಭದಲ್ಲಿ ಮಾಡಿದ ತಪ್ಪು. ಗ್ರಾಹಕರ ಹೊಚ್ಚಹೊಸ ತೊಟ್ಟಿ ಅದು. ಗೀರು ಅವರ ಕಣ್ಣಿಗೆ ಬೀಳಲಿಲ್ಲ, ನಾನಾಗಿಯೇ ಹೇಳಿದೆ. ನನ್ನನ್ನು ಬೈಯದೆ ಕಳುಹಿಸಿದರು. ಬೈದಿದ್ದರೇ ಹಗುರವೆನಿಸುತ್ತಿತ್ತೇನೋ.

ಬ್ಲೇಡಿನ ವಿಷಯದಲ್ಲಿ ನಾನು ತುಸು ಹಿಂಜರಿಯುತ್ತೇನೆ. ಚುಕ್ಕೆ ಚುಕ್ಕೆಯಾಗಿ ಗಟ್ಟಿ ಕೂತ ಹಸಿರು ಪಾಚಿಗೆ ಗಾಜಿನ ಮೇಲೆ ಹೊಸ ಬ್ಲೇಡಿನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ಓರೆಯಾಗಿ ಹಿಡಿದು ಹಗುರವಾಗಿ ತಳ್ಳಿದರೆ ಸಾಕು. ತುಕ್ಕು ಹಿಡಿದದ್ದು, ಮೂಲೆ ಮುರಿದದ್ದು ಬೇಡ. ಗಾಜು ಕೂಡುವ ಮೂಲೆಯ ಸಿಲಿಕೋನ್ ಅಂಟಿಗಂತೂ ಅದನ್ನು ತಾಗಿಸಲೇಬಾರದು, ಕೊಯ್ದರೆ ತೊಟ್ಟಿ ಸೋರಬಹುದು. ಆದರೆ ತೊಟ್ಟಿಯನ್ನು ಕಣ್ಣಾರೆ ನೋಡದೆ ಫೋನಿನಲ್ಲೇ "ಬ್ಲೇಡ್ ಹಾಕಿ" ಎಂದು ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಅದು ಗಾಜಿನಂತೆಯೇ ಕಾಣುವ ಅಕ್ರಿಲಿಕ್ ಪ್ಲಾಸ್ಟಿಕ್ಕಿನ ತೊಟ್ಟಿ ಆಗಿದ್ದರೆ ಕಥೆ ಮುಗಿಯಿತು. ಅಕ್ರಿಲಿಕ್ ಗಾಜಿಗಿಂತ ಬಹಳ ಮೆದು. ಅದಕ್ಕೆ ಮೆತ್ತನೆಯ ಬಟ್ಟೆ, ಹೆಚ್ಚೆಂದರೆ ಅಕ್ರಿಲಿಕ್‌ಗೆಂದೇ ಮಾಡಿದ ಪ್ಯಾಡ್. ಇನ್ನು ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಎರಡಕ್ಕೂ ಬೇಡ. ಗಾಜಿಗಿಂತ ಗಡುಸಾದ ಪುಡಿಯನ್ನು ಅದರಲ್ಲಿ ಸೇರಿಸಿರುವುದುಂಟು, ಬಳಸಿದ್ದಾದರೆ ಸೋಪಿನ ಅಂಶವೂ ಉಳಿದಿರುತ್ತದೆ.

ಒಬ್ಬ ಹಿರಿಯರ ವಿಷಯದಲ್ಲಿ ಮಾತ್ರ ನನ್ನ ತನಿಖೆ ಸೋತಿತ್ತು. ಮ್ಯಾಗ್ನೆಟ್ ತೊಳೆಯುತ್ತಿದ್ದರು, ಮರಳಿನಿಂದ ಗೇಣು ದೂರದಲ್ಲಿ ಇಡುತ್ತಿದ್ದರು, ಆದರೂ ಗೀರು ಬೀಳುತ್ತಿತ್ತು. ಕೊನೆಗೆ ತೊಟ್ಟಿಯ ಮುಂದೆ ಅರ್ಧ ಗಂಟೆ ಸುಮ್ಮನೆ ಕುಳಿತೆ. ಅವರ ಸಿಕ್ಲಿಡ್ ಮೀನು ಗುಂಡಿ ತೋಡುತ್ತಿತ್ತು. ಬಾಯಿ ತುಂಬ ಮರಳು ತುಂಬಿಕೊಂಡು ಮೇಲೆ ಬಂದು, ಸರಿಯಾಗಿ ಮ್ಯಾಗ್ನೆಟ್‌ನ ಪಕ್ಕದಲ್ಲೇ ಉಗುಳಿ ಹೋಗುತ್ತಿತ್ತು. ಅವರು ಒರೆಸುತ್ತಿದ್ದದ್ದು ದಿನಕ್ಕೊಮ್ಮೆ, ತೊಳೆಯುತ್ತಿದ್ದದ್ದು ಭಾನುವಾರ ಮಾತ್ರ.

ಗೀರನ್ನು ಗಾಜಿಗೆ ಹೊಳಪು ಕೊಡುವ ಪುಡಿಯಾದ ಸೀರಿಯಂ ಆಕ್ಸೈಡ್‌ನಿಂದ ಉಜ್ಜಿ ತೆಗೆಯಬಹುದೇ ಎಂದು ಕೇಳಿದರು. ತೀರ ಮೇಲುಮೇಲಿನದಾದರೆ ಆಗಬಹುದು, ಆದರೆ ತೊಟ್ಟಿ ಖಾಲಿ ಮಾಡಬೇಕು, ಗಂಟೆಗಟ್ಟಲೆ ಕೆಲಸ, ಆಳದ ಗೀರಿಗೆ ಹೋದರೆ ಆ ಜಾಗದಲ್ಲಿ ಮೀನು ಡೊಂಕಾಗಿ ಕಾಣುತ್ತದೆ ಎಂದೆ. ಒಳಬದಿಯ ಗೀರು ನೀರು ತುಂಬಿದಾಗ ಹೇಗೂ ಮಸುಕಾಗುತ್ತದೆ, ಬಿಟ್ಟುಬಿಡಿ ಎಂದೆ. ಬಿಟ್ಟರು. ಈಗ ಗೀರಿನೊಳಗೆ ಪಾಚಿ ಕೂತು ಹಸಿರು ಗೆರೆಯಾಗುತ್ತದೆ, ತಿಂಗಳಿಗೊಮ್ಮೆ ಹೊಸ ಟೂತ್‌ಬ್ರಷ್‌ನಿಂದ ತೆಗೆಯುತ್ತಾರೆ. ಬ್ರಷ್ಷನ್ನು ಮೊದಲು ತೊಳೆದೆ ಎಂದು ನನಗೆ ಫೋನ್ ಮಾಡಿ ಹೇಳುತ್ತಾರೆ.